ನೂರಾ ಇಪ್ಪತ್ತೇಳರ ಆಚೆ

ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು. ಅಂಕಿಯಲ್ಲಿ ಬರೆದರೆ 1022117. ಈ ಸಂಖ್ಯೆಯ ಬಗ್ಗೆ ನನಗೆ ಗೊತ್ತಿರುವಷ್ಟು ಹೈದರಾಬಾದಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಾರದು, ಗೊತ್ತಿರಬೇಕಾದ ಕಾರಣವೂ ಇಲ್ಲ. ಸಿಕಂದರಾಬಾದಿನ ಒಂದು ಆಸ್ಪತ್ರೆಯ ಕಂಪ್ಯೂಟರು ನಮ್ಮಪ್ಪನಿಗೆ ಕೊಟ್ಟ ನಂಬರು ಅದು. ಸಾಲಿನಲ್ಲಿ ಅವನ ಮುಂದಿದ್ದವರಿಗೆ ಅದಕ್ಕಿಂತ ಒಂದು ಕಡಿಮೆ, ಹಿಂದಿದ್ದವರಿಗೆ ಒಂದು ಹೆಚ್ಚು, ಅಷ್ಟೇ. ಅದನ್ನು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಚ್ಚು ಹಾಕಿ ಅಪ್ಪನ ಎಡಗೈ ಮಣಿಕಟ್ಟಿಗೆ ಸುತ್ತಿದರು. ಹದಿನೇಳು ದಿನದ ಮೇಲೆ ಕತ್ತರಿ ಹಾಕಿ ತೆಗೆದು ನನ್ನ ಕೈಗೆ ಕೊಟ್ಟರು.

ನಾನು ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತೇನೆ. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳು, ಒಂದು ಕೋಣೆಯಲ್ಲಿ ನೂರಕ್ಕೂ ಹೆಚ್ಚು ಜನ. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ನನಗೆ ತಾಳ್ಮೆ ಕಡಿಮೆ. ತಪ್ಪು ಉತ್ತರವನ್ನು ಮೆಲ್ಲಗೆ ತಿದ್ದುವುದು ನನ್ನಿಂದಾಗದು, 'ರಾಂಗ್' ಅಂದು ಮುಂದಕ್ಕೆ ಹೋಗಿಬಿಡುತ್ತೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಏನಂತ ಕರೆಯುತ್ತಾರೆಂದು ಗೊತ್ತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸ್ವಭಾವ ನನಗೆ ಅಪ್ಪನಿಂದ ಬಂದದ್ದು, ಲೆಕ್ಕವೂ ಅವನಿಂದಲೇ ಬಂದದ್ದು.

ಅಪ್ಪ ಬೀದರಿನ ಕಡೆಯಿಂದ ಬಂದು ಬಾಲಾನಗರದ ಒಂದು ಶೆಡ್ಡಿನಲ್ಲಿ ಲೇತ್ ಮಶೀನು ಹಿಡಿದವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ. ದೊಡ್ಡ ದೊಡ್ಡ ಸ್ಕ್ರೂಗಳಿಗೆ ಥ್ರೆಡ್, ಅಂದರೆ ಸುರುಳಿ ಗೆರೆ, ಕೊರೆಯುವುದು ಅವನ ಕೆಲಸ. ಲೇತಿನ ಪಕ್ಕದಲ್ಲಿ ಹಲ್ಲಿನ ಗಾಲಿಗಳನ್ನು ಜೋಡಿಸುವ ಜಾಗ ಇರುತ್ತದೆ. ಯಾವ ಗಾಲಿಗೆ ಯಾವ ಗಾಲಿ ಕೂಡಿಸಬೇಕು ಅನ್ನುವುದರ ಮೇಲೆ ಥ್ರೆಡ್ ಎಷ್ಟು ಒತ್ತಾಗಿ ಬೀಳುತ್ತದೆ ಅನ್ನುವುದು ನಿಂತಿದೆ. ಅದಕ್ಕೆ ಲೆಕ್ಕದಲ್ಲಿ ಬಂದ ಸಂಖ್ಯೆಯನ್ನು ಒಡೆಯಬೇಕು, ಒಡೆದ ತುಂಡುಗಳಷ್ಟೇ ಹಲ್ಲಿರುವ ಗಾಲಿಗಳನ್ನು ಪೆಟ್ಟಿಗೆಯಿಂದ ತೆಗೆಯಬೇಕು. 2464 ಬಂತು ಅನ್ನಿ. ಅದು ನಲವತ್ನಾಲ್ಕು ಐವತ್ತಾರಲೆ. ಎರಡೂ ಗಾಲಿ ಪೆಟ್ಟಿಗೆಯಲ್ಲಿವೆ, ಕೆಲಸ ಆಯಿತು. ಒಡೆಯದ ಸಂಖ್ಯೆ ಬಂದರೆ ಅಪ್ಪ ಪೆನ್ಸಿಲನ್ನು ಕಿವಿಯ ಮೇಲೆ ಸಿಗಿಸಿ "ಗಟ್ಟಿ ನಂಬರ" ಎಂದು ಎದ್ದು ಹೋಗುತ್ತಿದ್ದ. ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಎಂದು ಕಲಿಯುವ ಎಷ್ಟೋ ಮೊದಲೇ ನನಗೆ ಅವೆಲ್ಲ ಗಟ್ಟಿ ನಂಬರುಗಳಾಗಿ ಗೊತ್ತಿದ್ದವು.

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗಾಲಿಗೆ ನೂರಾ ಇಪ್ಪತ್ತೇಳು ಹಲ್ಲು. ಐದು ಇಂಚು ಅಂದರೆ ಸರಿಯಾಗಿ ನೂರಾ ಇಪ್ಪತ್ತೇಳು ಮಿಲಿಮೀಟರು, ಆದ್ದರಿಂದ ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಕೆಲಸ ಮಾಡಬೇಕಾದರೆ ಆ ಗಾಲಿ ಇಲ್ಲದೆ ಆಗದು. 127 ಸ್ವತಃ ಒಡೆಯುವುದಿಲ್ಲ, ಬದಲಿಗೆ ಇನ್ನೆರಡು ಗಾಲಿ ಹಾಕಿ ಸಾಗಿಸಲು ಬರುವುದಿಲ್ಲ. ಅಪ್ಪ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬೇರೆ ಇಡುತ್ತಿದ್ದ. ನೂರಾ ಇಪ್ಪತ್ತೇಳರ ಮೇಲೆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಅಪ್ಪನ ಲೆಕ್ಕವೂ ಅಲ್ಲಿಗೆ ನಿಲ್ಲುತ್ತಿತ್ತು. ಒಂದು ಸಂಖ್ಯೆಯನ್ನು ಎರಡರಿಂದ ಹಿಡಿದು ಒಂದೊಂದೇ ಗಟ್ಟಿ ನಂಬರಿನಿಂದ ಭಾಗಿಸುತ್ತ ಬಂದು, ನೂರಾ ಇಪ್ಪತ್ತೇಳಕ್ಕೂ ಹೋಗದಿದ್ದರೆ ಅದು ಗಟ್ಟಿ ಎಂದು ತೀರ್ಪು.

ನಮ್ಮ ಮನೆಯಲ್ಲಿ ಸಂಖ್ಯೆ ಕಂಡರೆ ಒಡೆಯುವ ಚಟ ಎಲ್ಲರಿಗೂ ಅಂಟಿತ್ತು. ಬಸ್ ಟಿಕೆಟು, ರೇಷನ್ ಕಾರ್ಡು, ಮುಂದೆ ಹೋಗುವ ಲಾರಿಯ ನಂಬರು. ಅವ್ವ ಕೂಡ ಸಿಲಿಂಡರಿನ ಮೇಲಿನ ನಂಬರು ನೋಡಿ "ಮೂರಿಂದ ಹೋಗ್ತೈತಿ" ಎನ್ನುವಳು. ಹೊರಗೆ ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯೊಳಗೆ ಕನ್ನಡ ಮತ್ತು ಲೆಕ್ಕ. ಬೇರೆ ಮನೆಗಳಲ್ಲಿ ಟಿವಿ ಮುಂದೆ ಕೂರುತ್ತಿದ್ದರು, ನಾವು ಲಾರಿ ನಂಬರು ಒಡೆಯುತ್ತಿದ್ದೆವು. ಈಗ ನೆನೆದರೆ ಹುಚ್ಚರ ಮನೆಯಂತೆ ಕಾಣುತ್ತದೆ, ಆಗ ಅದೇ ನಮ್ಮ ಸುಖ.

ಗುಣಿಸುವುದಕ್ಕೆ ಅಪ್ಪನದು ಒಂದು ಅಡ್ಡದಾರಿ ಇತ್ತು, ಅದಕ್ಕೆ ಅವನು 'ನಡುವಿನ ಲೆಕ್ಕ' ಎನ್ನುತ್ತಿದ್ದ. ನಲವತ್ತೆಂಟನ್ನು ಐವತ್ತೆರಡರಿಂದ ಗುಣಿಸಬೇಕೆ? ಎರಡರ ನಡುವೆ ಐವತ್ತು. ಐವತ್ತೈವತ್ತಲೆ ಎರಡು ಸಾವಿರದ ಐನೂರು. ನಡುವಿನಿಂದ ಎರಡೂ ಕಡೆ ಎರಡೆರಡರ ದೂರ, ಎರಡೆರಡಲೆ ನಾಲ್ಕು. ಅದನ್ನು ಕಳೆದರೆ 2496. ಕಾಗದ ಬೇಡ, ಪೆನ್ಸಿಲು ಬೇಡ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾನು ಅದೇ ಅಸ್ತ್ರ ಹಿಡಿದು ಅಪ್ಪನ ಮೇಲೆ ಜಗಳಕ್ಕೆ ಹೋದೆ.

"ಅಪ್ಪಾ, 17947 ಗಟ್ಟಿ ಏನು?" ಎಂದು ಕೇಳಿದೆ. ಅವನು ಊಟ ಮುಗಿಸಿ ಕುಳಿತಿದ್ದ. ಹಾಳೆ ತಗೊಂಡು ನೂರಾ ಇಪ್ಪತ್ತೇಳರವರೆಗೆ ಭಾಗಿಸಿದ, ಬಹಳ ಹೊತ್ತು ಹಿಡಿಯಿತು.

"ಗಟ್ಟಿ."

"ಅಲ್ಲ. ನೂರಾ ಮೂವತ್ತೊಂದು, ನೂರಾ ಮೂವತ್ತೇಳಲೆ. ನಡುವಿನ ಲೆಕ್ಕಾ ಹಾಕಿ ನೋಡು."

ಅಪ್ಪ ಮನಸ್ಸಿನಲ್ಲೇ ಗುಣಿಸಿ ನೋಡಿದ. ಸರಿ ಇತ್ತು. ಸೋತೆ ಅನ್ನುವ ಜಾಯಮಾನದವನೇ ಅಲ್ಲ. "ಹೌದಲ್ಲಾ. ನೂರಾ ಮೂವತ್ತೊಂದು ಹಲ್ಲಿನ ಗಾಲಿ ಎಲ್ಲೈತಿ? ತಂದು ತೋರ್ಸು" ಎಂದ. ನಾನು ಪುಸ್ತಕದ ಮಾತು ಹೇಳಿದೆ, ಗಾಲಿ ಇರಲಿ ಬಿಡಲಿ ಸಂಖ್ಯೆ ಒಡೆದರೆ ಒಡೆಯಿತು ಎಂದು ಕೂಗಾಡಿದೆ. "ಪೆಟ್ಟಿಗ್ಯಾಗ ಇಲ್ಲದ್ದು ಲೆಕ್ಕದಾಗ ಇದ್ರ ಏನ್ ಉಪಯೋಗ? ನೂರಾ ಇಪ್ಪತ್ತೇಳರ ಮ್ಯಾಲ ಹೋಗಬ್ಯಾಡ, ಹುಚ್ಚ ಹಿಡಿತೈತಿ" ಎಂದು ನಕ್ಕು ಎದ್ದು ಹೋದ. ನನಗೆ ಎರಡು ದಿನ ಮಾತು ಬೇಡವಾಗಿತ್ತು. ಆದರೂ ಆ ಮಿತಿ ನನ್ನೊಳಗೆ ಇಳಿದುಬಿಟ್ಟಿತ್ತು. ಕಾಲೇಜು ಮುಗಿಸಿ, ಎಂ.ಎಸ್ಸಿ. ಮಾಡಿ, ಸಾವಿರಾರು ಮಕ್ಕಳಿಗೆ ವರ್ಗಮೂಲದವರೆಗೂ ಪರೀಕ್ಷಿಸಬೇಕು ಎಂದು ಕಲಿಸಿದ ಮೇಲೂ, ಬಸ್ಸಿನಲ್ಲಿ ಕುಳಿತು ಟಿಕೆಟಿನ ನಂಬರು ಒಡೆಯುವಾಗ ನಾನು ನೂರಾ ಇಪ್ಪತ್ತೇಳಕ್ಕೇ ನಿಲ್ಲಿಸುತ್ತಿದ್ದೆ. ಅದು ಲೆಕ್ಕವಲ್ಲ, ಮನೆಯ ರೂಢಿ.

ಅಪ್ಪನ ಶ್ವಾಸಕೋಶ ಕೆಟ್ಟದ್ದು ನಿಧಾನವಾಗಿ. ಶೆಡ್ಡಿನ ಧೂಳು, ಎಣ್ಣೆಯ ಹೊಗೆ, ಬೀಡಿ, ಮೂರೂ ಕೂಡಿ ಕೆಲಸ ಮಾಡಿದವು. ಕೊನೆಯ ವರ್ಷ ಮೂರು ಮೆಟ್ಟಿಲು ಹತ್ತಿದರೆ ಮೇಲೆ ಕುಳಿತುಬಿಡುತ್ತಿದ್ದ. ಒಂದು ಬೆಳಿಗ್ಗೆ ತುಟಿ ನೀಲಿಗಟ್ಟಿತು, ಆಟೋದಲ್ಲಿ ಸಿಕಂದರಾಬಾದಿಗೆ ಒಯ್ದೆವು. ಕಿಟಕಿ ಇಲ್ಲದ ಒಂದು ದೊಡ್ಡ ಹಾಲಿನಲ್ಲಿ ಮಂಚ ಕೊಟ್ಟರು. ಬಾಯಿ ಮೂಗಿಗೆ ಮಾಸ್ಕು, ಬಲಗೈಗೆ ಸಲೈನು, ಎಡಗೈಗೆ ಆ ಪಟ್ಟಿ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಭೇಟಿಗೆ ಬಿಡುತ್ತಿದ್ದರು. ಬೆಳಿಗ್ಗೆ ನಾನು ಹೋಗುತ್ತಿದ್ದೆ, ಸಂಜೆ ಅವ್ವ.

ಪಕ್ಕದ ಮಂಚದಲ್ಲಿ ಅಪ್ಪನಷ್ಟೇ ವಯಸ್ಸಿನ ಒಬ್ಬರು ಇದ್ದರು. ಅವರ ಗಂಟಲಿಗೆ ಉಸಿರಾಟದ ಕೊಳವೆ ಇಳಿಸಿದ್ದರು, ಕಿತ್ತುಕೊಳ್ಳದಿರಲಿ ಎಂದು ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ಅಪ್ಪ ದಿನವಿಡೀ ಆ ಕೈಗಳನ್ನೇ ನೋಡುತ್ತಿದ್ದ. ಒಂಬತ್ತನೇ ದಿನ ಆ ಮಂಚ ಖಾಲಿಯಾಯಿತು. ಅವತ್ತು ಅಪ್ಪ ಮಾಸ್ಕು ಎತ್ತಿ, ಒಂದೊಂದು ಮಾತಿಗೆ ಒಂದೊಂದು ಉಸಿರು ತೆಗೆದುಕೊಂಡು ನನಗೆ ಹೇಳಿದ: "ನನಗ ಆ ಕೊಳವಿ ಬ್ಯಾಡ. ಕೈ ಕಟ್ಟಿಸ್ಕೊಂಡು ಸಾಯಾಂಗಿಲ್ಲ ನಾ. ಮನೀಗೆ ಒಯ್ಯಿ. ನಿಮ್ಮವ್ವನ ಕೂಡ ಮಾತಾಡಕೋತ ಹೋಗ್ತೀನಿ."

ಆಗಲಿ ಅಪ್ಪಾ ಎಂದೆ. ಹಾಗೆ ಅನ್ನುವಾಗ ಅದನ್ನು ನಡೆಸಿಕೊಡುವ ಉದ್ದೇಶ ನನಗಿತ್ತೋ ಇಲ್ಲವೋ ಈಗ ಹೇಳಲಾರೆ. ಸಮಾಧಾನ ಮಾಡಿದೆ ಅಂತ ಮಾತ್ರ ನೆನಪು.

ಹನ್ನೊಂದನೇ ದಿನ ಬೆಳಿಗ್ಗೆ ಹೋದಾಗ ಅಪ್ಪ ಎಡಗೈ ಎತ್ತಿ ಪಟ್ಟಿ ತೋರಿಸಿದ. "ಈ ನಂಬರ ಒಡೀತೈತೇನ್ ನೋಡವ್ವಾ." ನನಗೆ ಖುಷಿಯಾಯಿತು, ಅಪ್ಪ ಮೊದಲಿನಂತೆ ಆಗುತ್ತಿದ್ದಾನೆ ಎನ್ನಿಸಿತು. ಔಷಧಿ ಚೀಟಿಯ ಹಿಂದೆ ಬರೆದು ಭಾಗಿಸುತ್ತ ಹೋದೆ. ಮೂರರಿಂದ ಇಲ್ಲ, ಅಂಕಿಗಳ ಮೊತ್ತ ಹದಿನಾಲ್ಕು. ಏಳರಿಂದ ಐದು ಉಳಿಯಿತು, ಹನ್ನೊಂದರಿಂದ ಎಂಟು, ಹದಿಮೂರರಿಂದ ಮತ್ತೆ ಐದು. ನೂರಾ ಒಂದಕ್ಕೆ ಬರೇ ಮೂರು ಕಡಿಮೆ ಬಿದ್ದು ತಪ್ಪಿಹೋಯಿತು. ಕೊನೆಗೆ ನೂರಾ ಇಪ್ಪತ್ತೇಳು, ಶೇಷ ಇಪ್ಪತ್ತೊಂದು.

"ಇಲ್ಲಪ್ಪಾ, ಗಟ್ಟಿ ಐತಿ."

"ಎಲ್ಲೀ ತನಕ ನೋಡ್ದಿ?"

"ನೂರಾ ಇಪ್ಪತ್ತೇಳು."

ಮಾಸ್ಕಿನ ಹಿಂದೆ ಅವನ ಕೆನ್ನೆ ಅಗಲವಾಯಿತು. ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಸುಸ್ತಾಗಿದೆ ಅಂದುಕೊಂಡೆ. ನನ್ನ ಬ್ಯಾಗಿನಲ್ಲಿ ಫೋನು ಇತ್ತು, ಅದರಲ್ಲಿ ಹಾಕಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತಿತ್ತು. ಆದರೆ ಏಳಂಕಿಯ ಸಂಖ್ಯೆಗೆ ಫೋನು ಕೇಳುವುದು ನಮ್ಮ ಮನೆಯಲ್ಲಿ ನಾಚಿಕೆಗೇಡು.

ನಾನು ಇನ್ನೂ ಅಲ್ಲಿರುವಾಗಲೇ ಅವನ ಉಸಿರು ಏರತೊಡಗಿತು. ಡಾಕ್ಟರು ಬಂದರು, ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ರಕ್ತದಲ್ಲಿ ಕೆಟ್ಟ ಗಾಳಿ ಏರಿದೆ, ಕೊಳವೆ ಹಾಕಬೇಕು, ತಡ ಮಾಡುವಂತಿಲ್ಲ ಎಂದು ತೆಲುಗಿನಲ್ಲಿ ನನಗೆ ಹೇಳಿದರು. ಅಪ್ಪ ಬೇಡ ಅಂದಿದ್ದಾನೆ ಎಂದೆ. ಅವರು, ಹೀಗೆ ಗಾಳಿ ಏರಿದಾಗ ರೋಗಿಗೆ ಬುದ್ಧಿ ಮಂಕಾಗಿರುತ್ತದೆ, ಏನೇನೋ ಹೇಳುತ್ತಾರೆ, ಕಾಣದ್ದು ಕಾಣುತ್ತದೆ, ಅವರಿಗೆ ಸರಿಯಾದ ಎಚ್ಚರ ಇದೆಯೋ ನೋಡೋಣ ಎಂದರು. ಎಚ್ಚರ ಇದ್ದು ಬೇಡವೆಂದರೆ ಅವರ ಮಾತು ನಡೆಯುತ್ತದೆ, ಇಲ್ಲದಿದ್ದರೆ ನೀವು ಹೇಳಿದ ಹಾಗೆ ಎಂದೂ ಸೇರಿಸಿದರು.

ಅಪ್ಪನ ಮೇಲೆ ಬಾಗಿ ಹಿಂದಿಯಲ್ಲಿ ಇವತ್ತು ಯಾವ ವಾರ ಎಂದು ಕೇಳಿದರು. ಹನ್ನೊಂದು ದಿನದಿಂದ ಕಿಟಕಿ ಇಲ್ಲದ ಹಾಲಿನಲ್ಲಿ ಬಿದ್ದವನಿಗೆ ವಾರ ಹೇಗೆ ಗೊತ್ತಾಗಬೇಕು? ಅಪ್ಪ ಸುಮ್ಮನಿದ್ದ. ಇದು ಯಾವ ಜಾಗ ಎಂದು ಕೇಳಿದರು. ಅಪ್ಪ ಡಾಕ್ಟರನ್ನು ಬಿಟ್ಟು ನನ್ನ ಕಡೆ ನೋಡಿದ. ನಲವತ್ತು ವರ್ಷ ಬಾಲಾನಗರದಲ್ಲಿ ಹಿಂದಿ, ತೆಲುಗು ಎರಡನ್ನೂ ಅರೆದು ಕುಡಿದಿದ್ದವನು, ಉಸಿರು ಸಾಲದಾದಾಗ ಕನ್ನಡ ಒಂದೇ ಉಳಿಯಿತು. ಮಾಸ್ಕು ಸರಿಸಿ ಹೇಳಿದ:

"ಒಡೀತೈತಿ ಅದು. ಎರಡು ಗಾಲಿ... ಎರಡೂ ಸಾವಿರ ಹಲ್ಲು ದಾಟ್ಯಾವು... ನಾಕ ಹಲ್ಲಿನ ಫರಕು."

ಏನಂತಿದ್ದಾರೆ ಎಂದು ಡಾಕ್ಟರು ಕೇಳಿದರು. ನಾನು ಅನುವಾದ ಮಾಡಿದೆ. ಸಾವಿರಕ್ಕಿಂತ ಹೆಚ್ಚು ಹಲ್ಲಿರುವ ಎರಡು ಗಾಲಿ ಅಂತಿದ್ದಾರೆ, ಕೈಪಟ್ಟಿಯ ನಂಬರು ಒಡೆಯುತ್ತದೆ ಅಂತಿದ್ದಾರೆ. ಅವರು ಗಾಲಿಗಳು ಕಾಣಿಸುತ್ತಿವೆಯೇ ಅವರಿಗೆ ಎಂದು ಕೇಳಿದರು. ಸಾವಿರ ಹಲ್ಲಿನ ಗಾಲಿ! ಪೆಟ್ಟಿಗೆಯಲ್ಲಿ ಇಲ್ಲದ ಗಾಲಿಯ ಹೆಸರೆತ್ತದ ಮನುಷ್ಯ ಇವನು. ಅಪ್ಪ ಕೈತಪ್ಪಿ ಹೋದ ಎನ್ನಿಸಿತು.

ನಂಬರಿನ ಮಾತು ನಿಜವೇ ಎಂದು ಡಾಕ್ಟರು ಕೇಳಿದರು. ಪಾಪ, ಆ ಮನುಷ್ಯ ಕೇಳಿದರು. ನಾನು ಇಲ್ಲ ಎಂದೆ. ಅದು ಅವಿಭಾಜ್ಯ ಸಂಖ್ಯೆ, ಈಗಷ್ಟೇ ನೋಡಿದ್ದೇನೆ, ನಾನು ಗಣಿತದ ಲೆಕ್ಚರರ್ ಎಂದೆ. ಅದಾದ ಮೇಲೆ ಅವರು ಏನನ್ನೂ ಕೇಳಲಿಲ್ಲ. ಕಾಗದ ತಂದರು, ಸಹಿ ಮಾಡಿದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. "ಬ್ಯಾಡಂದಿದ್ನೆಲ್ಲ" ಎಂದ. ಅವನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಮೇಲೆ ಆರು ದಿನ. ಕೊಳವೆ ಇದ್ದವರಿಗೆ ಮಾತಾಡಲು ಬರುವುದಿಲ್ಲ. ನಿದ್ದೆಯ ಔಷಧಿಯ ಅಮಲು ಇಳಿದಾಗಲೆಲ್ಲ ಅಪ್ಪ ಕೈ ಎತ್ತುತ್ತಾನೆ, ಕೊಳವೆ ಕೀಳಲು ಹೋಗುತ್ತಾನೆ ಎಂದು ನರ್ಸು ಎರಡೂ ಕೈ ಕಟ್ಟಿದಳು. ಲೇತಿನ ಮೇಲೆ ಕೂದಲೆಳೆಯಷ್ಟು ಫರಕನ್ನು ಬೆರಳಿನಿಂದ ಹಿಡಿಯುತ್ತಿದ್ದ ಕೈಗಳು ಅವು. ಕಟ್ಟಿದ ಜಾಗ ಕೆಂಪಾಗಿ, ಆಮೇಲೆ ಕಪ್ಪಗಾಯಿತು. ನಾನು ಹೋದರೆ ಕಣ್ಣು ತೆರೆದು, ಬಲಗೈ ಹೆಬ್ಬೆರಳು ಮಡಚಿ ಉಳಿದ ನಾಲ್ಕು ಬೆರಳು ನೆಟ್ಟಗೆ ಮಾಡುತ್ತಿದ್ದ. ನಾಲ್ಕು. ಕೈ ಕಂಬಿಗೆ ಬಿಗಿದಿದ್ದರಿಂದ ಎತ್ತಲು ಆಗುತ್ತಿರಲಿಲ್ಲ, ಬೆರಳು ಮಾತ್ರ ಏಳುತ್ತಿದ್ದವು. ನಾನು ಏನಪ್ಪಾ, ಏನಪ್ಪಾ ಎಂದು ಕೇಳುವುದು, ಅವನು ಮತ್ತೆ ನಾಲ್ಕು ತೋರಿಸುವುದು. ಅವ್ವನಿಗೂ ಅದೇ. ಅವ್ವ ಯೋಚನೆ ಮಾಡಿ ಅರ್ಥ ಹೇಳಿದಳು: "ನಾಕು ಗಂಟೇಕ ಚಾ ಕುಡಿಯೋದು ರೂಢಿ ಐತೆಲ್ಲ ಅವಗ. ಚಾ ಕೇಳಾಕತ್ತಾನ." ನಾನು ಒಪ್ಪಿದೆ. ಗಂಟಲಲ್ಲಿ ಕೊಳವೆ ಇರುವವನಿಗೆ ಚಹಾ ಎಲ್ಲಿಂದ ಕೊಡುವುದು?

ಹದಿನೇಳನೇ ದಿನ ಬೆಳಿಗ್ಗೆ ಅಪ್ಪ ಹೋದ. ಕೈಗೆ ಬಿಗಿದ ಬಟ್ಟೆ ಬಿಚ್ಚಿದ ಮೇಲೂ ಅವನ ಮಣಿಕಟ್ಟುಗಳು ಕಟ್ಟಿದಂತೆಯೇ ಮಡಚಿಕೊಂಡಿದ್ದವು. ಅವ್ವ ಅದನ್ನು ನೋಡಿ ಗೋಳೋ ಎಂದು ಅತ್ತಳು. ಅವಳನ್ನು ಹಿಡಿದುಕೊಂಡು ನಾನೇ ಹೇಳಿದೆ: "ಅಪ್ಪಗ ಏನೂ ತಿಳೀತಿರಲಿಲ್ಲವ್ವಾ. ಕೊಳವಿ ಹಾಕೋಕಿಂತ ಮೊದಲೇ ಅವನ ಬುದ್ಧಿ ಹೋಗಿತ್ತು. ಸಾವಿರ ಹಲ್ಲಿನ ಗಾಲಿ ಕಾಣಾಕತ್ತಿದ್ದು ಅವಗ." ಅವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಂದವರಿಗೆಲ್ಲ ಅದನ್ನೇ ಹೇಳಿದಳು, ನಾನೂ ಅದನ್ನೇ ಹಿಡಿದುಕೊಂಡೆ.

ಐದು ತಿಂಗಳಾದ ಮೇಲೆ, ಮಧ್ಯಾಹ್ನದ ಕ್ಲಾಸು. ಎರಡು ವರ್ಗಗಳ ವ್ಯತ್ಯಾಸ ಪಾಠ ಮಾಡುತ್ತಿದ್ದೆ. ದೊಡ್ಡ ಬೆಸಸಂಖ್ಯೆಯನ್ನು ಒಡೆಯಲು ಇದನ್ನು ಹೇಗೆ ತಿರುಗಿಸಿ ಬಳಸಬಹುದೆಂದು ಹೇಳಿದೆ. ಆ ಸಂಖ್ಯೆಗಿಂತ ಸ್ವಲ್ಪ ಮೇಲಿರುವ ಪೂರ್ಣವರ್ಗ ಹುಡುಕಿ, ಅದರಿಂದ ಸಂಖ್ಯೆಯನ್ನು ಕಳೆಯಿರಿ, ಉಳಿದದ್ದೂ ಪೂರ್ಣವರ್ಗವಾದರೆ ಸಂಖ್ಯೆ ಒಡೆಯಿತು. ಅಪ್ಪನ ನಡುವಿನ ಲೆಕ್ಕವೇ, ಹಿಂದುಮುಂದಾಗಿ. ಹತ್ತಾರು ವರ್ಷ ಇದನ್ನು ಕಲಿಸಿದ್ದೇನೆ, ಎರಡೂ ಒಂದೇ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವಿಭಾಜ್ಯ ಸಂಖ್ಯೆಗೆ ಈ ಉಪಾಯ ನಡೆಯದು, ತೋರಿಸುತ್ತೇನೆ ನೋಡಿ ಎಂದು ಬೋರ್ಡಿನ ಕಡೆ ತಿರುಗಿದೆ. ಕೈ ತಾನಾಗಿ ಬರೆಯಿತು. 1022117. ನನಗೆ ಬಾಯಿಪಾಠ ಇದ್ದ ಏಳಂಕಿಯ ಅವಿಭಾಜ್ಯ ಅದೊಂದೇ.

ಸಾವಿರದ ಹನ್ನೊಂದರ ವರ್ಗ 1022121. ಕಳೆದೆ. ನಾಲ್ಕು ಉಳಿಯಿತು.

ನಾನು ಬೋರ್ಡಿಗೆ ಮುಖ ಮಾಡಿ ನಿಂತೇ ಇದ್ದೆ. ಎರಡನೇ ಬೆಂಚಿನ ಹುಡುಗಿ, ನನ್ನಿಂದ ಬಹಳ ಸಲ ಬೈಸಿಕೊಂಡವಳು, "ಮೇಡಂ, ನಾಲ್ಕು ಅಂದರೆ ಎರಡರ ವರ್ಗ. ನೀವು ಪ್ರೈಮ್ ಅಂದಿರಿ. ರಾಂಗ್" ಎಂದಳು. ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ಬರೆದೆ: ಸಾವಿರದ ಹನ್ನೊಂದರಿಂದ ಎರಡು ಹಿಂದಕ್ಕೆ, ಸಾವಿರದ ಒಂಬತ್ತು. ಎರಡು ಮುಂದಕ್ಕೆ, ಸಾವಿರದ ಹದಿಮೂರು. ಎರಡು ಗಾಲಿ, ಎರಡೂ ಸಾವಿರ ಹಲ್ಲು ದಾಟಿದವು, ನಾಲ್ಕು ಹಲ್ಲಿನ ಫರಕು. ಚಾಕ್‌ಪೀಸು ಮೇಜಿನ ಮೇಲಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಇಪ್ಪತ್ತು ವರ್ಷದಲ್ಲಿ ಪಾಠವನ್ನು ಅರ್ಧಕ್ಕೆ ಬಿಟ್ಟದ್ದು ಅವತ್ತೊಂದೇ ದಿನ.

ಈ ಸಂಖ್ಯೆಯನ್ನು ಕೆಳಗಿನಿಂದ ಹಿಡಿದು ಒಡೆಯಲು ಹೊರಟರೆ ಇದಕ್ಕಿಂತ ಹಟಮಾರಿ ಸಂಖ್ಯೆ ಇಲ್ಲ. ಸಾವಿರದ ಒಂಬತ್ತು ನೂರಾ ಅರವತ್ತೊಂಬತ್ತನೆಯ ಅವಿಭಾಜ್ಯ. ಅದಕ್ಕೆ ಮುಂಚಿನ ನೂರಾ ಅರವತ್ತೆಂಟೂ ಸೋಲುತ್ತವೆ, ಇನ್ನು ಪ್ರಯತ್ನಿಸಲು ಮುಂದೆ ಯಾವುದೂ ಉಳಿದಿಲ್ಲ ಅನ್ನುವಲ್ಲಿ ಅದು ಬಿಟ್ಟುಕೊಡುತ್ತದೆ. ನಾನು ಮೂವತ್ತೊಂದನೆಯದಕ್ಕೇ ಎದ್ದು ಬಂದಿದ್ದೆ. ನಡುವಿನಿಂದ ಹಿಡಿದರೆ ಮೊದಲ ಹೆಜ್ಜೆಗೇ ಒಡೆಯುತ್ತದೆ. ಕೈಗೆ ಪೆನ್ಸಿಲು ಇಲ್ಲದ, ಉಸಿರು ಸಾಲದ, ಭಾಗಾಕಾರ ಮಾಡಲು ಶಕ್ತಿ ಇಲ್ಲದ ಮನುಷ್ಯ ಮಾಡಬಹುದಾದ ಲೆಕ್ಕ ಅದೊಂದೇ. ಸಾಯುವ ಹೊತ್ತಿಗೆ ಅಪ್ಪ ಪೆಟ್ಟಿಗೆ ಬಿಟ್ಟು ಹೊರಗೆ ಬಂದಿದ್ದ. ಎಂ.ಎಸ್ಸಿ. ಓದಿದ ನಾನು ಪೆಟ್ಟಿಗೆಯೊಳಗೇ ಕುಳಿತಿದ್ದೆ.

ಆಮೇಲೆ ನಾನು ಈ ಸಂಖ್ಯೆಯನ್ನು ಬಿಡಲಿಲ್ಲ. ಅಳು ಬರುತ್ತಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಇದು ಎರಡು ವರ್ಗಗಳ ಮೊತ್ತವೂ ಹೌದು, ಅದೂ ಎರಡು ಬಗೆಯಲ್ಲಿ. 961ರ ವರ್ಗಕ್ಕೆ 314ರ ವರ್ಗ ಕೂಡಿಸಿದರೂ ಬರುತ್ತದೆ, 974ರ ವರ್ಗಕ್ಕೆ 271ರ ವರ್ಗ ಕೂಡಿಸಿದರೂ ಬರುತ್ತದೆ. ಇದನ್ನು ಬಿಟ್ಟು ಇದರ ಉಳಿದ ಭಾಜಕಗಳನ್ನು, ಅಂದರೆ ಒಂದು, ಸಾವಿರದ ಒಂಬತ್ತು, ಸಾವಿರದ ಹದಿಮೂರನ್ನು ಕೂಡಿದರೆ 2023. ಇಸವಿಯಂತೆ ಕಾಣುತ್ತದೆ, ಆದರೆ ಅಪ್ಪ ಹೋದ ವರ್ಷ ಅದಲ್ಲ. ಆಗಿದ್ದಿದ್ದರೆ ಯಾರಾದರೂ ಹಣೆಬರಹ ಎಂದು ನನಗೆ ಸಮಾಧಾನ ಹೇಳುತ್ತಿದ್ದರೇನೋ. ಸಂಖ್ಯೆಗೆ ನಮ್ಮ ಗೊಡವೆ ಇಲ್ಲ. ಅದು ಮೊದಲಿಂದಲೂ ಒಡೆಯುತ್ತಿತ್ತು, ಕೇಳಿದವರಿಗೆ ನಾನು ಒಡೆಯುವುದಿಲ್ಲ ಎಂದೆ.

ಕೊಳವೆ ಹಾಕದಿದ್ದರೂ ಅಪ್ಪ ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತು, ಬೇಕಾದರೆ ಡಾಕ್ಟರನ್ನು ಕೇಳಿ ಬರೆಸಿಕೊಂಡು ಬರಬಲ್ಲೆ. ಆದರೆ ಬಾಲಾನಗರದ ಮನೆಯಲ್ಲಿ, ಬಿಚ್ಚಿದ ಕೈಗಳಿಂದ, ಅವ್ವನ ಜೊತೆ ಒಂದು ದಿನವೋ ಅರ್ಧ ದಿನವೋ ಮಾತಾಡಿ ಹೋಗುತ್ತಿದ್ದ. ಅವನು ಕೇಳಿದ್ದು ಅಷ್ಟೇ. ತನ್ನ ಬುದ್ಧಿ ನೆಟ್ಟಗಿದೆ ಎಂದು ತೋರಿಸಲು ಅವನಿಗೆ ಗೊತ್ತಿದ್ದ ಭಾಷೆಯಲ್ಲಿ ಸಾಕ್ಷಿ ಕೊಟ್ಟ. ಆ ಭಾಷೆ ಬಲ್ಲವಳು ಆ ಹಾಲಿನಲ್ಲಿ ನಾನೊಬ್ಬಳೇ ಇದ್ದೆ. ಆರು ದಿನ, ಇದ್ದ ಎಚ್ಚರದಲ್ಲೆಲ್ಲ, ಕಟ್ಟಿದ ಕೈಯಿಂದ ಅದೇ ಸಾಕ್ಷಿಯನ್ನು ನನಗೆ ಮತ್ತೆ ಮತ್ತೆ ತೋರಿಸಿದ.

ಅವ್ವನಿಗೆ ಇದನ್ನು ಹೇಳಿಲ್ಲ. ಹೇಳಲು ಎರಡು ಸಲ ಹೋಗಿ ಬಂದಿದ್ದೇನೆ. ಅವಳು ಈಗಲೂ ಸಿಲಿಂಡರಿನ ಮೇಲಿನ ನಂಬರು, ಹಾಲಿನ ಪ್ಯಾಕೆಟ್ಟಿನ ನಂಬರು ನೋಡಿ ಮೂರರಿಂದ ಹೋಗುತ್ತದೋ ಇಲ್ಲವೋ ಹೇಳುತ್ತಾಳೆ. ದಿನಾ ಸಂಜೆ ನಾಲ್ಕಕ್ಕೆ ಒಂದು ಕಪ್ಪು ಚಹಾ ಮಾಡಿ ಅಪ್ಪನ ಫೋಟೋದ ಮುಂದೆ ಇಡುತ್ತಾಳೆ. ಆಸ್ಪತ್ರೆಯಲ್ಲಿ ಅಷ್ಟು ಕೇಳಿದ, ಕೊಡಲಿಲ್ಲ ಎಂದು ಅವಳ ಸಂಕಟ. ಚಹಾ ಕೇಳಿದ್ದೂ ನಿಜ, ಏನೂ ತಿಳಿಯುತ್ತಿರಲಿಲ್ಲ ಅನ್ನುವುದೂ ನಿಜ, ಎರಡೂ ಅವಳಿಗೆ ಬೇಕು.

ಭಾನುವಾರ ನಾನು ಅಲ್ಲಿರುತ್ತೇನೆ. ಕಪ್ಪು ಇಟ್ಟು, ಸೆರಗಿನಿಂದ ಫೋಟೋದ ಗಾಜು ಒರೆಸಿ, ಅವ್ವ ನನ್ನ ಕಡೆ ತಿರುಗುತ್ತಾಳೆ. "ಕಡೀಕ್ಕ ಅವಗ ಏನೂ ತಿಳೀಲಿಲ್ಲ, ಅದೊಂದಽ ಪುಣ್ಯಾ. ಹೌದಿಲ್ಲವ್ವಾ?"

"ಹೌದವ್ವಾ" ಎನ್ನುತ್ತೇನೆ.

ಚಹಾ ಆರಿದ ಮೇಲೆ ಚೆಲ್ಲಬಾರದೆಂದು ಕಪ್ಪನ್ನು ನನಗೇ ಕೊಡುತ್ತಾಳೆ. ಕುಡಿಯುತ್ತೇನೆ.